ಟೀಪಾಯಿ ಮೇಲಿನ ಆನೆ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಅಂತ ಗಾದೆ ಮಾಡಿದವರು ಒಂದು ಮಾತು ಬಿಟ್ಟಿದ್ದಾರೆ. ಕಟ್ಟಿದ ಮನೆಯೊಳಗೆ ಏನಿಡಬೇಕು ಅನ್ನೋದನ್ನ ಅವರು ಹೇಳಿಲ್ಲ. ಕೆಸರೆಯಲ್ಲಿ 20×30 ಸೈಟಿನ ಮೇಲೆ ನಾವು ಮನೆ ಕಟ್ಟಿಸಿ, ಇನ್ನೂ ಸುಣ್ಣದ ವಾಸನೆ ಆರಿರಲಿಲ್ಲ, ಒಳಾಂಗಣ ವಿನ್ಯಾಸದ ಹುಡುಗನೊಬ್ಬ ಲ್ಯಾಪ್‌ಟಾಪ್ ಹಿಡಿದು ಬಂದ. ಟಿವಿ ಗೋಡೆಗೆ ಹೀಗೆ, ಬಟ್ಟೆ ಕಪಾಟಿಗೆ ಹೀಗೆ, ಅಡುಗೆಮನೆಗೆ ಹೀಗೆ ಅಂತ ಚಿತ್ರ ಸರಿಸುತ್ತಾ ಹೋಗಿ ಒಂದು ಕಡೆ ನಿಂತ. ಗಾಢ ಕಂದು ಬಣ್ಣ, ಅದರೊಳಗೆ ಕಪ್ಪು ಗೆರೆ.

‘ಇದು ಪ್ರೀಮಿಯಂ ಸಾರ್. ರೋಸ್‌ವುಡ್ ಫಿನಿಶ್.’

ಫಿನಿಶ್ ಅಂದ್ರೆ ಏನಪ್ಪಾ ಅಂತ ಕೇಳಿದೆ. ಪಾಪ, ಮುಚ್ಚುಮರೆ ಇಲ್ಲದೆ ಹೇಳಿದ. ಮರದ ಪುಡಿಯನ್ನ ಅಂಟಿನ ಜೊತೆ ಒತ್ತಿ ಮಾಡಿದ ಹಲಗೆ. ಅದರ ಮೇಲೆ ಒಂದು ತೆಳು ಹಾಳೆ. ಆ ಹಾಳೆಯ ಮೇಲೆ ಬೀಟೆ ಮರದ ಫೋಟೋ ಅಚ್ಚಾಗಿರುತ್ತೆ. ಅಷ್ಟೇ. ನೀರು ಬಿದ್ದರೆ ಊದಿಕೊಳ್ಳುತ್ತಾ ಅಂತ ಕೇಳಿದ್ದಕ್ಕೆ ‘ನೀರು ಬೀಳಿಸಬೇಡಿ ಸಾರ್’ ಅಂದ.

ಮೈಸೂರಿನಲ್ಲಿ ಕೂತು ಬೀಟೆ ಮರದ ಫೋಟೋಗೆ ದುಡ್ಡು ಕೊಡಬೇಕಾ ಅನ್ನಿಸಿದ್ದು ಆಗ. ಅದರಲ್ಲೂ ನಮ್ಮ ಬೀದಿಯಲ್ಲಿ. ಯಾಕೆ ಅಂದ್ರೆ ನಮ್ಮನೆಯಿಂದ ಎರಡು ತಿರುವು ಆಚೆ, ತಗಡಿನ ಶೀಟು ಹೊದಿಸಿದ ಒಂದು ಕೋಣೆಯಲ್ಲಿ, ನಿಜವಾದ ಬೀಟೆ ಹಲಗೆಯೊಳಗೆ ಬೇರೆ ಬೇರೆ ಮರದ ಚೂರು ಕೂರಿಸುವ ಒಬ್ಬರಿದ್ದಾರೆ. ಬೀದಿಯ ಮಕ್ಕಳೆಲ್ಲ ಅವರನ್ನ ಚಾಚಾ ಅಂತಾರೆ, ನಾನೂ ಹಾಗೇ ಕರೆಯೋದು. ಅವರು ನನ್ನನ್ನ ಮೇಷ್ಟ್ರೇ ಅಂತಾರೆ.

ನಿಜ ಹೇಳಬೇಕು ಅಂದ್ರೆ ಅಲ್ಲಿವರೆಗೂ ನನಗೆ ಕುರ್ಚಿ ಮೇಜುಗಳ ಮೇಲೆ ಅಂಥ ಪ್ರೀತಿಯೇನೂ ಇರಲಿಲ್ಲ. ಇರೋಕೆ ಕಾರಣವೂ ಇರಲಿಲ್ಲ. ನಾನು ಬೆಳೆದ ಮನೆಯಲ್ಲಿ ಬೆತ್ತದ ಒಂದು ಕುರ್ಚಿ, ಅದು ಅಪ್ಪನದು. ಮಡಚುವ ಕುರ್ಚಿ ಎರಡು, ಅವು ಬಂದವರದು. ಮಿಕ್ಕವರದ್ದೆಲ್ಲ ನೆಲ. ಊಟಕ್ಕೆ ಮಣೆ, ಮಲಗೋಕೆ ಚಾಪೆ, ಹಬ್ಬಕ್ಕೆ ಜಮಖಾನ. ಸಾಮಾನು ಇಡೋಕೆ ಗೋಡೆಯಲ್ಲಿ ಗೂಡು, ಗೋಡೆಯುದ್ದಕ್ಕೂ ನಾಗಂದಿಗೆ, ಮೇಲೆ ಅಟ್ಟ. ಹಾಲು ಮೊಸರಿನ ಪಾತ್ರೆಗೆ ಬೆಕ್ಕಿಗೆ ಎಟುಕದ ಹಾಗೆ ತೂಗುಹಾಕಿದ ನೆಲವು. ಇವತ್ತಿನ ಭಾಷೆಯಲ್ಲಿ ಇದೇ ಒಳಾಂಗಣ ವಿನ್ಯಾಸ. ಆದರೆ ಅದರಲ್ಲಿ ಪೀಠೋಪಕರಣ ಅನ್ನಿಸಿಕೊಳ್ಳುವಂಥದ್ದು ಬಹಳ ಕಡಿಮೆ. ಬೇಕಾದ ಜಾಗವನ್ನ ಗೋಡೆಯೊಳಗೋ ಸೂರಿನ ಕೆಳಗೋ ಮಾಡಿಕೊಳ್ಳುತ್ತಿದ್ದರು. ನೆಲ ಖಾಲಿ ಇರುತ್ತಿತ್ತು. ಅದೇ ನೆಲ ಬೆಳಗ್ಗೆ ಊಟದ ಕೋಣೆ, ಮಧ್ಯಾಹ್ನ ಹಪ್ಪಳ ಒತ್ತುವ ಜಾಗ, ರಾತ್ರಿ ಮಲಗುವ ಕೋಣೆ.

ನಮ್ಮ ಮಾತನ್ನೇ ನೋಡಿ, ಈ ಚರಿತ್ರೆ ಅದರಲ್ಲೇ ಇದೆ. ಮಣೆ, ಚಾಪೆ, ತೊಟ್ಟಿಲು ನಮ್ಮ ನೆಲದ ಮಾತುಗಳು. ಮಂಚ ಸಂಸ್ಕೃತದ್ದು. ಕುರ್ಚಿ ಅರಬ್ಬಿಯ ಕುರ್ಸಿಯಿಂದ ಬಂದದ್ದು. ಮೇಜು, ಜಮಖಾನ, ದಿವಾನ ಪಾರಸಿ ಕಡೆಯವು. ಅಲಮಾರು ಪೋರ್ಚುಗೀಸರ ಅರ್ಮಾರಿಯೊ. ನಾವು ಕಬ್ಬಿಣದ ಕಪಾಟಿಗೆ ಹೇಳುವ ಬೀರು ಇದೆಯಲ್ಲ, ಅದು ಬ್ಯೂರೋ ಅನ್ನುವ ಮಾತು ಸವೆದು ಆದದ್ದು. ಗೋದ್ರೆಜ್ ಕಂಪನಿ 1923ರಲ್ಲಿ ಉಕ್ಕಿನ ಬೀರು ಮಾಡೋಕೆ ಶುರು ಮಾಡಿದ ಮೇಲೆ ಎಷ್ಟೋ ಮನೆಯಲ್ಲಿ ಅದು ಮಗಳ ಮದುವೆಯ ಸಾಮಾನಾಯಿತು. ಅಂದ್ರೆ ನೆಲದಿಂದ ಒಂದು ಮೊಳ ಮೇಲಕ್ಕೆ ಏಳುವುದಕ್ಕೆ ನಾವು ಅರಬರಿಂದ, ಪಾರಸಿಗರಿಂದ, ಪೋರ್ಚುಗೀಸರಿಂದ, ಇಂಗ್ಲಿಷರಿಂದ ಮಾತು ಸಾಲ ತಂದಿದ್ದೇವೆ.

ಎಲ್ಲಕ್ಕಿಂತ ಮಜಾ ಇರೋದು ಟೀಪಾಯಿಯದು. ಟೀ ಕುಡಿಯುವ ಮೇಜು, ಅದಕ್ಕೇ ಟೀಪಾಯಿ ಅಂತ ನಾನೂ ಬಹಳ ವರ್ಷ ತಿಳಿದಿದ್ದೆ. ಅದಕ್ಕೂ ಟೀಗೂ ಸಂಬಂಧವೇ ಇಲ್ಲ. ಹಿಂದೂಸ್ತಾನಿಯ ‘ತಿಪಾಯಿ’, ಅಂದ್ರೆ ಮೂರು ಕಾಲಿನದು. ಇಂಗ್ಲಿಷರು ಅದನ್ನ ತಮ್ಮ ನಾಲಿಗೆಗೆ ಹೊಂದಿಸಿಕೊಂಡು ‘ಟೀಪಾಯ್’ ಮಾಡಿದರು, ಮೇಲೆ ಟೀ ಇಟ್ಟರು. ನಾವು ಅವರಿಂದ ವಾಪಸ್ ತಂದುಕೊಂಡು ನಾಲ್ಕು ಕಾಲು ಹಚ್ಚಿದೆವು.

ಈ ಟೀಪಾಯಿಯಿಂದಲೇ ನನ್ನ ಹುಚ್ಚೂ ಶುರುವಾದದ್ದು.

ಲ್ಯಾಪ್‌ಟಾಪ್ ಹುಡುಗ ಬಂದುಹೋದ ವಾರ ಮಂಡಿ ಮೊಹಲ್ಲಾ ಕಡೆ ಹೋಗಿದ್ದೆ. ಒಂದು ಗುಜರಿ ಅಂಗಡಿಯ ಮುಂದೆ ಹಳೇ ಫ್ಯಾನು, ಸೈಕಲ್ ರಿಮ್ಮುಗಳ ನಡುವೆ ಒಂದು ಟೀಪಾಯಿ ತಲೆಕೆಳಗಾಗಿ ಬಿದ್ದಿತ್ತು. ಒಂದು ಕಾಲು ಅಲ್ಲಾಡುತ್ತಿತ್ತು. ತಿರುಗಿಸಿ ಧೂಳು ಒರೆಸಿದೆ. ಕಪ್ಪೆನ್ನಿಸುವಷ್ಟು ಗಾಢವಾದ ಬೀಟೆ. ನಡುವೆ ಅಂಬಾರಿ ಹೊತ್ತ ಆನೆ, ಸುತ್ತಲೂ ಬಳ್ಳಿ. ಆನೆಯ ದಂತ, ಅಂಬಾರಿಯ ಅಂಚು, ಬಳ್ಳಿಯ ಹೂವು, ಇಷ್ಟೂ ಬಿಳಿ. ಎದೆ ಧಸಕ್ಕೆಂದಿತು. ಇದು ದಂತ ಇರಬಹುದಾ? ಅಂಗಡಿಯವರಿಗೂ ಅದೇ ಅನುಮಾನ ಇತ್ತೋ ಏನೋ, ಚೌಕಾಸಿಗೆ ಜಗ್ಗಲಿಲ್ಲ. ಕೊನೆಗೆ ಕೊಂಡು ಆಟೋದಲ್ಲಿ ಹಾಕಿಕೊಂಡು ಬಂದೆ. ನನ್ನ ಹೆಂಡತಿ ನೋಡಿ ‘ಮನೆ ಮ್ಯೂಸಿಯಂ ಅಲ್ಲ’ ಅಂದಳು. ಒಪ್ಪಿದೆ. ಆದರೂ ಸಂಜೆ ಹೊತ್ತುಕೊಂಡು ಚಾಚಾ ಹತ್ತಿರ ಹೋದೆ.

ಅವರು ಮೊದಲು ಚಿತ್ರ ನೋಡಲಿಲ್ಲ. ಟೀಪಾಯಿಯನ್ನ ಮಗುಚಿ ಹೊಟ್ಟೆ ನೋಡಿದರು. ಕಾಲು ಸೇರುವಲ್ಲಿ ಬೆರಳಾಡಿಸಿದರು. ಆಮೇಲೆ ನೆಟ್ಟಗೆ ಮಾಡಿ, ಒಂದು ಹೂವಿನ ಎಸಳು ಅರ್ಧ ಎದ್ದಿತ್ತು, ಅದನ್ನ ಉಳಿಯ ತುದಿಯಿಂದ ಬಿಡಿಸಿ ನನ್ನ ಅಂಗೈಗಿಟ್ಟರು.

‘ದಂತ ಅಂದ್ಕೊಂಡ್ರಾ ಮೇಷ್ಟ್ರೇ? ಬೆಳಕಿಗೆ ಹಿಡ್ಕೊಂಡು ನೋಡಿ. ದಂತ ಅಡ್ಡ ಕೊಯ್ದಿದ್ರೆ ಒಳಗೆ ಬಲೆ ತರ ಗೆರೆ ಕಾಣತ್ತೆ. ಮೂಳೆ ಆದ್ರೆ ಸಣ್ಣ ಸಣ್ಣ ಚುಕ್ಕೆ. ಇದ್ರಲ್ಲಿ ಏನೂ ಇಲ್ಲ, ಸಾಫ್ ಬಿಳುಪು. ಪ್ಲಾಸ್ಟಿಕ್ಕು.’

ನನ್ನ ಮುಖ ಸಣ್ಣಗಾಗಿದ್ದು ಅವರಿಗೆ ಕಂಡಿರಬೇಕು. ‘ದಂತ ಆಗಿದ್ರೆ ಏನ್ಮಾಡ್ತಿದ್ರಿ? ಕಾಗದಪತ್ರ ಇಲ್ದೆ ಅದನ್ನ ಮನೇಲಿಟ್ಕೊಂಡ್ರೆ ಫಾರೆಸ್ಟ್‌ನೋರು ಬರ್ತಾರೆ’ ಅಂತ ನಕ್ಕರು.

ಅಲ್ಲಿಂದ ಮುಂದೆ ಎಷ್ಟೋ ಸಂಜೆ ನಾನು ಆ ಕೋಣೆಯಲ್ಲಿ ಕೂತಿದ್ದೇನೆ. ಅವರು ಹೇಳಿದ್ದು, ನಾನು ಓದಿಕೊಂಡದ್ದು ಎರಡೂ ಸೇರಿ ಈ ಕತೆ.

ಮೈಸೂರಿನಲ್ಲಿ ಮರದೊಳಗೆ ದಂತ ಕೂರಿಸುವ ಕೆಲಸ ಅರಮನೆಯ ಆಸರೆಯಲ್ಲಿ ಬೆಳೆದದ್ದು. ದಸರಾದಲ್ಲಿ ನಾವು ನೋಡುವ ಚಿನ್ನದ ಸಿಂಹಾಸನವೇ ಮೊದಲು ಅತ್ತಿ ಮರಕ್ಕೆ ದಂತ ಹೊದಿಸಿದ್ದಾಗಿತ್ತು, 1799ರ ನಂತರ, ಒಡೆಯರಿಗೆ ರಾಜ್ಯ ಮರಳಿ ಬಂದ ಮೇಲೆ, ಅದರ ಮೇಲೆ ಚಿನ್ನ ಬೆಳ್ಳಿಯ ತಗಡು ಬಂತು ಅಂತ ಲೂಯಿಸ್ ರೈಸ್ ತಮ್ಮ ಗೆಜೆಟಿಯರಿನಲ್ಲಿ ಬರೆದಿದ್ದಾರೆ. ಶ್ರೀರಂಗಪಟ್ಟಣದ ಗುಂಬಜ್‌ಗೆ ಹೋದವರು ಟಿಪ್ಪು, ಹೈದರರ ಗೋರಿ ನೋಡಿ ಬರುತ್ತಾರೆ. ಬಾಗಿಲ ಹತ್ತಿರ ಒಂದು ನಿಮಿಷ ನಿಲ್ಲಿ. ಕಪ್ಪು ಮರದಲ್ಲಿ ಬಿಳಿ ದಂತ ಕೂರಿಸಿದ ಆ ಬಾಗಿಲುಗಳನ್ನ ಕೊಟ್ಟದ್ದು ಗವರ್ನರ್ ಜನರಲ್ ಆಗಿದ್ದ ಡಾಲ್‌ಹೌಸಿ. ಟಿಪ್ಪುವನ್ನ ಕೊಂದ ಕಂಪನಿಯೇ ಅರ್ಧ ಶತಮಾನದ ಮೇಲೆ ಅವನ ಗೋರಿಗೆ ಬಾಗಿಲು ಮಾಡಿಸಿ ಕೊಟ್ಟಿದೆ.

1897ರಲ್ಲಿ ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರ ಮದುವೆಯ ಸಮಯದಲ್ಲಿ ಮೈಸೂರಿನ ಹಳೆಯ ಮರದ ಅರಮನೆಗೆ ಬೆಂಕಿ ಬಿತ್ತು. ಅದೇ ವರ್ಷ ಹೊಸದಕ್ಕೆ ಕೈ ಹಾಕಿದರು. ನಕ್ಷೆ ಹೆನ್ರಿ ಇರ್ವಿನ್ ಅವರದು, ಮುಗಿದದ್ದು 1912ರಲ್ಲಿ, ಖರ್ಚು ಸುಮಾರು 41 ಲಕ್ಷ ರೂಪಾಯಿ. ಕಲ್ಯಾಣ ಮಂಟಪದ ಎರಕದ ಕಬ್ಬಿಣದ ಕಂಬಗಳು ಸ್ಕಾಟ್ಲೆಂಡಿನ ಗ್ಲಾಸ್ಗೋದ ಮ್ಯಾಕ್‌ಫರ್ಲೇನ್ ಕಾರ್ಖಾನೆಯಿಂದ ಹಡಗು ಹತ್ತಿ ಬಂದವು. ಆದರೆ ಅಂಬಾವಿಲಾಸದ ಒಳಗೆ ಹೋಗುವಾಗ ಸಿಗುವ, ದಂತ ಕೂರಿಸಿದ ಬೀಟೆಯ ಬಾಗಿಲನ್ನ ಗ್ಲಾಸ್ಗೋದಲ್ಲಿ ಮಾಡೋಕೆ ಆಗುತ್ತಿರಲಿಲ್ಲ. ಅದು ನಮ್ಮ ಸೀಮೆಯ ಕೈಕೆಲಸ. ಪ್ರವಾಸಿಗರು ಅರಮನೆಯ ಬಣ್ಣದ ಗಾಜು ನೋಡುತ್ತಾ ಕತ್ತು ಮೇಲೆತ್ತಿಕೊಂಡು ಆ ಬಾಗಿಲು ದಾಟಿಬಿಡುತ್ತಾರೆ. ನಾನೂ ಎಷ್ಟು ಸಲ ದಾಟಿದ್ದೇನೋ.

ಅರಮನೆಯ ಕೆಲಸ ಮುಗಿದರೆ ಕುಶಲಕರ್ಮಿಗಳ ಗತಿ ಏನು? ಇದಕ್ಕೆ ಆಗಿನ ಮೈಸೂರು ಒಂದು ಉತ್ತರ ಹುಡುಕಿತು. ಸಯ್ಯಾಜಿರಾವ್ ರಸ್ತೆಯಲ್ಲಿ ಇವತ್ತು ಕಾವೇರಿ ಎಂಪೋರಿಯಂ ಇರುವ ಕಟ್ಟಡ ಗೊತ್ತಲ್ಲ, ಅದು ಚಾಮರಾಜೇಂದ್ರ ಟೆಕ್ನಿಕಲ್ ಇನ್‌ಸ್ಟಿಟ್ಯೂಟ್. ಅದಕ್ಕೆ ಅಡಿಗಲ್ಲು ಬಿದ್ದದ್ದು 1906ರಲ್ಲಿ, ಮುಂದೆ ಐದನೇ ಜಾರ್ಜ್ ಆದ ವೇಲ್ಸ್ ರಾಜಕುಮಾರ ಮೈಸೂರಿಗೆ ಬಂದಾಗ. ಮರಗೆಲಸ, ಕೆತ್ತನೆ, ಚಿತ್ರಕಲೆಯಂಥ ವಿದ್ಯೆಗಳಿಗೆ ಅದು ಶಾಲೆಯಾಯಿತು. ಅಪ್ಪನಿಂದ ಮಗ ಕಲಿಯುತ್ತಿದ್ದ ಕಸುಬಿಗೆ ಬೆಂಚು, ನಕ್ಷೆ, ಮೇಷ್ಟ್ರು ಎಲ್ಲ ಬಂದವು. ಕೊಳ್ಳುವವರೂ ಬದಲಾದರು. ಬರೀ ಅರಮನೆ ಅಲ್ಲ, ಬ್ರಿಟಿಷ್ ಅಧಿಕಾರಿಗಳು, ದಿವಾನರು, ವಕೀಲರು, ಕಾಫಿ ತೋಟದವರು.

ಅದೇ ಕಾಲಕ್ಕೆ ಊರೂ ಬದಲಾಗುತ್ತಿತ್ತು. ಪ್ಲೇಗ್ ಬಂದು ಇಕ್ಕಟ್ಟಿನ ಕೇರಿಗಳನ್ನ ಬಡಿದ ಮೇಲೆ 1903ರಲ್ಲಿ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಆಯಿತು. ಅಗಲ ರಸ್ತೆ, ಗಾಳಿ ಬೆಳಕಿನ ಹೊಸ ಬಡಾವಣೆಗಳು ಎದ್ದವು. ತೊಟ್ಟಿ ಮನೆಯಲ್ಲಿ ಬಂದವರು ಜಗಲಿಯ ಮೇಲೆ ಕೂರುತ್ತಿದ್ದರು. ಹೊಸ ಮನೆಗಳಲ್ಲಿ ರಸ್ತೆಗೆ ಮುಖ ಮಾಡಿದ ‘ಹಾಲು’ ಬಂತು. ಹಾಲು ಬಂದ ಮೇಲೆ ಕುರ್ಚಿ ಬೇಕಾಯಿತು, ಕುರ್ಚಿ ಬಂದ ಮೇಲೆ ಅದರ ಮುಂದೆ ಟೀಪಾಯಿ, ಟೀಪಾಯಿ ಮೇಲೆ ಅಂಬಾರಿ ಆನೆ. ಅರಮನೆಯ ಬಾಗಿಲಿನ ಒಂದು ಚೂರನ್ನ ನಮ್ಮ ಹಾಲಿಗೆ ತಂದಿಟ್ಟುಕೊಳ್ಳುವ ಆಸೆ ಅದು. ಈ ಆಸೆಯನ್ನ ನಾನು ಆಡಿಕೊಳ್ಳಲ್ಲ. ಅರಮನೆಯಿಂದಾಚೆಗೂ ಈ ಕಸುಬು ಬದುಕಿದ್ದರಲ್ಲಿ ಆ ಆಸೆಯದೂ ಪಾಲಿದೆ.

ಆದರೆ ಆ ಬಿಳಿಯ ಹಿಂದೆ ಒಂದು ಲೆಕ್ಕ ಇತ್ತು. ಆಫ್ರಿಕಾದ ಆನೆಗಳಲ್ಲಿ ಹೆಣ್ಣಿಗೂ ದಂತ ಇರುತ್ತೆ. ನಮ್ಮ ಏಷ್ಯಾದ ಆನೆಗಳಲ್ಲಿ ದೊಡ್ಡ ದಂತ ಇರೋದು ಗಂಡಿಗೆ ಮಾತ್ರ, ಅದೂ ಎಲ್ಲ ಗಂಡುಗಳಿಗಲ್ಲ. ಹಾಗಾಗಿ ಕಳ್ಳಬೇಟೆಯ ಗುಂಡೆಲ್ಲ ಬಿದ್ದದ್ದು ಸಲಗಗಳ ಮೇಲೆ. ಮಲೆ ಮಹದೇಶ್ವರ ಬೆಟ್ಟದ ಕಾಡಿನಲ್ಲಿ ವೀರಪ್ಪನ್ ಹೆಸರು ಮೊದಲು ಕೇಳಿಬಂದದ್ದೂ ದಂತದ ದಂಧೆಯಲ್ಲೇ. ಕಾಕನಕೋಟೆಯಲ್ಲಿ ಕಡೆಯ ಖೆಡ್ಡಾ ನಡೆದದ್ದು 1971ರಲ್ಲಿ. ಮಾರನೇ ವರ್ಷ, 1972ರಲ್ಲಿ, ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. 1986ರ ತಿದ್ದುಪಡಿ ನಮ್ಮ ದೇಶದ ಆನೆಯ ದಂತದ ವ್ಯಾಪಾರ ನಿಲ್ಲಿಸಿತು. ಇನ್ನುಳಿದದ್ದು ಆಫ್ರಿಕಾದಿಂದ ಬರುತ್ತಿದ್ದ ದಂತ. 1989ರಲ್ಲಿ ಸ್ವಿಟ್ಜರ್ಲೆಂಡಿನ ಲೌಸಾನ್‌ನಲ್ಲಿ ಸೇರಿದ ದೇಶಗಳು ಅದರ ಅಂತರರಾಷ್ಟ್ರೀಯ ವ್ಯಾಪಾರವನ್ನೂ ನಿಷೇಧಿಸಿದವು. 1991ರಲ್ಲಿ ನಮ್ಮ ಕಾನೂನು ಆಫ್ರಿಕಾದ ದಂತವನ್ನೂ ಸೇರಿಸಿಕೊಂಡಿತು. ಅಲ್ಲಿಗೆ ಮುಗಿಯಿತು.

ಇದನ್ನ ಓದುವಾಗ ನಾನು ಆನೆಯ ಕಡೆ. ನೀವೂ ಅಷ್ಟೇ ಇರ್ತೀರಿ. ಆದರೆ ಚಾಚಾ ಹೇಳಿದ್ದು ಕೇಳಿ: ‘ಕಾನೂನು ಸರಿ ಮೇಷ್ಟ್ರೇ. ಆದ್ರೆ ನಮ್ಮಪ್ಪಂಗೆ ಗೊತ್ತಿದ್ದಿದ್ದು ಅದೊಂದೇ. ದಂತದ ಪುಡಿ ಗುಡಿಸೋದ್ರಿಂದ ನಾನು ಕೆಲಸ ಕಲ್ತಿದ್ದು. ಆಮೇಲೆ ಅಪ್ಪ ಎರಡು ವರ್ಷ ಬಾಗಿಲಿಗೆ ಚಿಲಕ ಹೊಡ್ಕೊಂಡು ಓಡಾಡಿದ್ರು. ಪ್ಲಾಸ್ಟಿಕ್ ಮುಟ್ಟಕ್ಕೇ ನಾಚ್ಕೆ ಅವ್ರಿಗೆ.’

ಆ ಮಾತಾದ ಮೇಲೆ ನನ್ನ ಟೀಪಾಯಿಯ ಬಿಳಿ ಹೂವು ಬೇರೆಯಾಗಿ ಕಂಡಿತು. ದಂತ ಅಲ್ಲ ಅಂತ ನಾನು ಮುಖ ಸಪ್ಪೆ ಮಾಡಿದ್ದೆನಲ್ಲ, ಆ ಪ್ಲಾಸ್ಟಿಕ್ ಚೂರು ಯಾರೋ ಒಬ್ಬರು ನಾಚಿಕೆ ನುಂಗಿಕೊಂಡು ಕೂರಿಸಿದ್ದು. ಆನೆಯ ಚಿತ್ರವನ್ನ ಆನೆಯ ದಂತದಲ್ಲೇ ಮಾಡುತ್ತಿದ್ದ ಕಾಲ ಮುಗಿದು, ಆನೆ ಕಾಡಲ್ಲೇ ಉಳಿದು ಚಿತ್ರವೂ ಉಳಿಯಬೇಕು ಅನ್ನುವ ಕಾಲ ಶುರುವಾದ ಗುರುತು ಅದು.

ಪ್ಲಾಸ್ಟಿಕ್ ಬಂದದ್ದು ಒಂದು ದಾರಿ. ಇನ್ನೊಂದು ದಾರಿ ಮರದ ಬಣ್ಣದಲ್ಲೇ ಎಲ್ಲ ಸಾಧಿಸೋದು. ಇವತ್ತು ಮೈಸೂರು ಇನ್‌ಲೇ ಅಂತ ನೀವು ನೋಡುವ ಚಿತ್ರಗಳಲ್ಲಿ ಬಹುಪಾಲು ಹೀಗೆ ಆದವು. ಅವುಗಳಲ್ಲಿ ಬಣ್ಣ ಬಳಿದಿರಲ್ಲ ಅಂತ ಹೇಳಿದರೆ ನೆಂಟರು ನಂಬಲ್ಲ. ಚಾಚಾ ಹತ್ತಿರ ಹಳೇ ಬಿಸ್ಕತ್ ಡಬ್ಬಗಳ ಸಾಲೇ ಇದೆ. ಒಂದರಲ್ಲಿ ಹಳದಿ, ಅದು ಹಲಸು. ಒಂದರಲ್ಲಿ ಕೆಂಪು, ಅದು ರಕ್ತಚಂದನ. ಕಪ್ಪಿಗೆ ಕರಿಮರ. ಮಿಕ್ಕವುಗಳಲ್ಲಿ ತಿಳಿಗಂದು, ಬೂದು, ಕೆನೆ ಬಣ್ಣದ ಚಕ್ಕೆಗಳು. ಸೂರ್ಯ ಮುಳುಗುವ ಆಕಾಶ ಬೇಕು ಅಂದ್ರೆ ಬಣ್ಣ ಕಲಸಲ್ಲ, ಗೆರೆ ಹಾಗೇ ಓಡಿರುವ ಮರದ ತುಂಡು ಸಿಗುವ ತನಕ ಡಬ್ಬ ಹುಡುಕುತ್ತಾರೆ.

ಕೆಲಸ ನಡೆಯೋದು ಹೀಗೆ. ಚಿತ್ರವನ್ನ ಮೊದಲು ಕಾಗದದ ಮೇಲೆ ಬರೆದು, ಒಂದೊಂದು ಭಾಗಕ್ಕೆ ಯಾವ ಮರ ಅಂತ ಗುರುತು ಹಾಕಿಕೊಳ್ಳುತ್ತಾರೆ. ಆ ಭಾಗಗಳನ್ನ ಕತ್ತರಿಸಿ ಮರದ ಚಕ್ಕೆಗೆ ಅಂಟಿಸಿ, ಕೂದಲಿನಷ್ಟು ಸಣ್ಣ ಅಲಗಿನ ಬಿಲ್ಲು ಗರಗಸದಲ್ಲಿ ಕೊಯ್ಯುತ್ತಾರೆ. ಆನೆಯ ಕಿವಿಯೇ ಒಂದು ಚೂರು, ಕಣ್ಣೇ ಒಂದು ಚೂರು. ಬೀಟೆ ಹಲಗೆಯಲ್ಲಿ ಅದೇ ಆಕಾರದ ಗುಳಿ ತೆಗೆದು, ಅಂಟು ಹಾಕಿ ಕೂರಿಸುತ್ತಾರೆ. ಮೊದಲು ಸರೇಸು ಕಾಯಿಸಿ ಹಚ್ಚುತ್ತಿದ್ದರು, ಈಗ ಫೆವಿಕಾಲ್. ಒಣಗಿದ ಮೇಲೆ ಉಜ್ಜು ಕಾಗದದಲ್ಲಿ ಸಮ ಮಾಡಿ, ಬೇಕಾದಲ್ಲಿ ಸೂಕ್ಷ್ಮ ಗೆರೆ ಕೊರೆದು ಕಪ್ಪು ಅರಗು ತುಂಬಿ, ಮತ್ತೆ ಉಜ್ಜಿ, ಪಾಲಿಶ್. ಕಣ್ಣು ಮುಚ್ಚಿ ಬೆರಳಾಡಿಸಿದರೆ ಎಲ್ಲಿ ಬೀಟೆ ಮುಗಿಯಿತು, ಎಲ್ಲಿ ಹಲಸು ಶುರುವಾಯಿತು ಗೊತ್ತಾಗಬಾರದು. ಅದೇ ಪರೀಕ್ಷೆ. ಇದನ್ನ ಕಲಿತ ಮೇಲೆ ನಾನು ನೆಂಟರ ಮನೆಗೆ ಹೋದರೂ ಮೇಜಿನ ಮೇಲೆ ಕೈಯಾಡಿಸುತ್ತೇನೆ. ಧೂಳು ನೋಡ್ತಿದಾನೆ ಅಂತ ಅವರು ತಪ್ಪು ತಿಳಿಯುತ್ತಾರೆ.

2005–06ರಲ್ಲಿ ಮೈಸೂರು ರೋಸ್‌ವುಡ್ ಇನ್‌ಲೇಗೆ ಭೌಗೋಳಿಕ ಗುರುತು ಸಿಕ್ಕಿತು. ಬೇರೆ ಊರಿನವರು ಆ ಹೆಸರು ಹಾಕಿಕೊಂಡು ಮಾರುವ ಹಾಗಿಲ್ಲ. ಸಂತೋಷ. ಆದರೆ ಹೆಸರಿನಲ್ಲಿರುವ ಮರದ್ದೇ ಮುಂದಿನ ತೊಂದರೆ. ಬೀಟೆ ನಿಧಾನವಾಗಿ ಬೆಳೆಯುವ ಮರ. ನಡುವಿನ ಕಪ್ಪು ತಿರುಳು ಗಟ್ಟಿಯಾಗಿ ಅಗಲವಾಗೋಕೆ ಒಂದು ತಲೆಮಾರಿನ ಆಯಸ್ಸು ಸಾಲದು. ನೂರಾರು ವರ್ಷ ಹಡಗಿಗೆ ಹಾಕಿ ಕಳಿಸಿದೆವು, ರೈಲಿಗೆ ಹಾಕಿದೆವು, ಮಂಚ ಮಾಡಿದೆವು. 2017ರ ಜನವರಿಯಿಂದ ಬೀಟೆ ಸೇರಿದ ಇಡೀ ಡಾಲ್ಬರ್ಜಿಯಾ ಕುಲವೇ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಪಟ್ಟಿಗೆ ಬಂತು. ದೊಡ್ಡ ಸಾಮಾನು ಹೊರದೇಶಕ್ಕೆ ಹೋಗಬೇಕಾದರೆ ಪರವಾನಗಿ ಬೇಕು. ಚಾಚಾ ಕೋಣೆಯಲ್ಲಿ ಇಡೀ ಬೀಟೆ ಹಲಗೆ ಈಗ ಅಪರೂಪ. ಪ್ಲೈವುಡ್ ಮೇಲೆ ಬೀಟೆಯ ತೆಳು ಚಕ್ಕೆ ಅಂಟಿಸಿ ಅದರಲ್ಲೇ ಚಿತ್ರ ಕೂರಿಸುತ್ತಾರೆ. ದಂತ ಹೋದಾಗ ಬಿಳಿ ಹೋಯಿತು, ಬೀಟೆ ಹೋಗುತ್ತಾ ಹೋದ ಹಾಗೆ ಕಪ್ಪೂ ತೆಳುವಾಗುತ್ತಿದೆ.

ಇಷ್ಟಾದರೂ ಕಸುಬಿಗೆ ನಿಜವಾದ ಪೆಟ್ಟು ಯಾವುದು ಅಂತ ಕೇಳಿದೆ. ನಾನು ಮರ ಅಂತಾರೆ ಅಂದುಕೊಂಡಿದ್ದೆ. ಅವರು ‘ಗೋಡೆ’ ಅಂದರು.

ಅರ್ಥ ಆಗಲಿಲ್ಲ. ಆಮೇಲೆ ಬಿಡಿಸಿ ಹೇಳಿದರು. ಮೊದಲು ಒಬ್ಬರು ಮನೆ ಕಟ್ಟಿದರೆ ಬಾಗಿಲಿಗೆ ಒಂದು, ಹಾಲಿಗೆ ಒಂದು ಟೀಪಾಯಿ, ಮಗಳಿಗೆ ಒಂದು ಕನ್ನಡಿ ಚೌಕಟ್ಟು ಅಂತ ಮೂರು ಕೆಲಸವಾದರೂ ಸಿಗುತ್ತಿತ್ತು. ಈಗ ಮನೆಗಳು ನಮ್ಮ 20×30ರ ಹಾಗೆ. ಮೂರು ಗೋಡೆ ಮಾಡ್ಯುಲರ್‌ನವರದು, ನಾಲ್ಕನೇದು ಟಿವಿಯದು. ಚಿತ್ರ ಹಾಕೋಕೆ ಮೊಳೆ ಹೊಡೆಯುವ ಜಾಗ ಇಲ್ಲ. ಸಾಮಾನೆಲ್ಲ ಬಿಡಿಬಿಡಿಯಾಗಿ ಪೆಟ್ಟಿಗೆಯಲ್ಲಿ ಬರುತ್ತೆ, ನಾವೇ ತಿರುಪು ಹಾಕಿಕೊಳ್ಳಬೇಕು. ಹಾಗೆ ಜೋಡಿಸಿಕೊಳ್ಳುವ ಸಾಮಾನಿಗೇ ಜಗತ್ತಿನಲ್ಲಿ ಹೆಸರಾದ ಐಕಿಯಾ 2022ರ ಜೂನ್‌ನಲ್ಲಿ ಬೆಂಗಳೂರಿನ ನಾಗಸಂದ್ರಕ್ಕೂ ಬಂತು, ನಮ್ಮ ಬೀದಿಯವರೂ ಹೋಗಿ ನೋಡಿಬಂದರು. ನೋಡಬೇಕಾದದ್ದೇ. ಕಡಿಮೆ ಜಾಗದಲ್ಲಿ ಚೆನ್ನಾಗಿ ಬದುಕೋದು ಹೇಗೆ ಅಂತ ಅವರು ತಲೆ ಕೆಡಿಸಿಕೊಂಡಿದ್ದಾರೆ. ನಮ್ಮ ನಾಗಂದಿಗೆ, ಅಟ್ಟ ಮಾಡಿದವರೂ ಅದಕ್ಕೇ ತಲೆ ಕೆಡಿಸಿಕೊಂಡಿದ್ದರು. ಮಾಡ್ಯುಲರ್ ಹುಡುಗರ ಮೇಲೂ ನನಗೆ ಕೋಪವಿಲ್ಲ. ಚಾಚಾ ಅವರ ದೊಡ್ಡ ಮಗನೇ ಆ ಕೆಲಸಕ್ಕೆ ಹೋಗುತ್ತಾನೆ. ವಾರ ವಾರ ಸಂಬಳ, ಕಣ್ಣು ಹಾಳಾಗಲ್ಲ. ಹೋಗಬೇಡ ಅಂತ ಹೇಳೋಕೆ ನಾನ್ಯಾರು?

ಒಂದು ಸಲ ರಂಜಾನ್ ಹಬ್ಬಕ್ಕೆ ಅವರ ಮನೆಗೆ ಕರೆದಿದ್ದರು. ಶ್ಯಾವಿಗೆ ಪಾಯಸ ಕೊಟ್ಟರು. ಕೂತದ್ದು ಪ್ಲಾಸ್ಟಿಕ್ ಕುರ್ಚಿ. ಗೋಡೆಗೆ ಒಂದು ಉಕ್ಕಿನ ಬೀರು. ನನ್ನ ಕಣ್ಣು ಸುಮ್ಮನಿರಬೇಕಲ್ಲ, ಸುತ್ತ ಹುಡುಕಿತು. ಇನ್‌ಲೇ ಮಾಡಿದ ಒಂದು ಹಲಗೆ ಚೂರೂ ಇರಲಿಲ್ಲ. ಕೇಳಿಯೇಬಿಟ್ಟೆ.

‘ಒಂದು ನಮ್ಮನೇಲಿ ಇಟ್ಕೊಂಡ್ರೆ ಆ ತಿಂಗಳ ಊಟ ಎಲ್ಲಿಂದ ಮೇಷ್ಟ್ರೇ?’ ಅಂದರು. ಬೇಜಾರಿನಿಂದ ಅಲ್ಲ, ಲೆಕ್ಕ ಹೇಳುವ ಹಾಗೆ.

ಆ ದಿನ ರಾತ್ರಿ ನಿದ್ದೆ ಬರಲಿಲ್ಲ. ಮನೆ ಅಲಂಕಾರ ಅಂತ ನಾವು ಇಷ್ಟು ಮಾತಾಡ್ತೀವಲ್ಲ, ಯಾವ ಬಣ್ಣ, ಯಾವ ಸೋಫಾ, ಯಾವ ಪರದೆ ಅಂತ. ಸಾಮಾನಿನ ಮೇಲೆ ಪ್ರೀತಿ ಅಂದ್ರೆ ಅದನ್ನ ಮಾಡಿದವರ ದಿನಗೂಲಿಯನ್ನೂ ಒಪ್ಪಿಕೊಳ್ಳೋದು ಅಂತ ನನಗೆ ಯಾರೂ ಹೇಳಿರಲಿಲ್ಲ. ಗುಜರಿ ಅಂಗಡಿಯಲ್ಲಿ ಟೀಪಾಯಿಗೆ ಚೌಕಾಸಿ ಮಾಡಿ ಗೆದ್ದಿದ್ದರೆ ಎಷ್ಟು ಹೆಮ್ಮೆಪಡುತ್ತಿದ್ದೆ ಅಂತ ನೆನಪಾಗಿ ನಾಚಿಕೆಯಾಯಿತು. ಅರಮನೆಯವರು ಬಾಗಿಲು ಮಾಡಿಸುವಾಗ ಕೆಲಸಗಾರನಿಗೆ ವರ್ಷಗಟ್ಟಲೆ ಸಮಯ ಕೊಟ್ಟರು. ನಾವು ನಮ್ಮ ಮನೆಗೆ ಅರಮನೆಯ ಚಿತ್ರ ಬಯಸಿದೆವು, ಆ ಸಮಯಕ್ಕೆ ದುಡ್ಡು ಕೊಡೋಕೆ ಮಾತ್ರ ಹಿಂದೆಮುಂದೆ ನೋಡಿದೆವು. ಫೋಟೋ ಅಂಟಿಸಿದ ಹಲಗೆ ಹುಟ್ಟಿದ್ದು ಅಲ್ಲೇ ಅಲ್ವಾ?

ಹೆಂಡತಿ ಜೊತೆ ಕೂತು ಲೆಕ್ಕ ಹಾಕಿದೆವು. ಅಡುಗೆಮನೆಗೆ ಮಾಡ್ಯುಲರ್ ಇರಲಿ, ಅದು ಅವಳ ಕೆಲಸದ ಜಾಗ, ಅಲ್ಲಿ ಅವಳ ಮಾತೇ ಮಾತು. ಟಿವಿ ಗೋಡೆ ಬೇಡ. ಟಿವಿಗೆ ಎರಡು ಮೊಳೆ ಸಾಕು. ಉಳಿದ ದುಡ್ಡಿನಲ್ಲಿ ಪುಸ್ತಕದ ಅಲಮಾರಿಗೆ ಚಾಚಾ ಕೈಯಲ್ಲಿ ಎರಡು ಬಾಗಿಲು. ಬೆಲೆ ಅವರೇ ಹೇಳಬೇಕು, ನಾವು ಚೌಕಾಸಿ ಮಾಡಬಾರದು ಅಂತ ಮನೆಯಲ್ಲೇ ಮಾತು ಮುಗಿಸಿಕೊಂಡು ಹೋದೆವು. ಅವರು ಹೇಳಿದ ಬೆಲೆಗೆ ನನ್ನ ಹೆಂಡತಿ ‘ಇಷ್ಟೇನಾ?’ ಅಂದುಬಿಟ್ಟಳು. ಅವರಿಗೆ ಮುಜುಗರವಾಗಿ ಬೇರೆ ಮಾತು ತೆಗೆದರು.

‘ಚಿತ್ರ ಏನ್ ಹಾಕ್ಲಿ? ಅಂಬಾರಿನಾ?’

ಅಂಬಾರಿ ಬೇಡ, ಟೀಪಾಯಿ ಮೇಲೆ ಆಗಲೇ ಇದೆ ಅಂದೆ. ಸ್ವಲ್ಪ ಹೊತ್ತು ಯೋಚನೆ ಮಾಡಿ, ‘ಊರ ಹೆಸ್ರು ಕೆಸರೆ ಅಲ್ವಾ? ಕೆಸರಿದ್ಮೇಲೆ ತಾವರೆ ಮಾಡಣ ಬಿಡಿ’ ಅಂತ ತಾವೇ ನಕ್ಕರು. ಒಂದು ಬಾಗಿಲಿಗೆ ಮೊಗ್ಗು, ಇನ್ನೊಂದಕ್ಕೆ ಅರಳಿದ್ದು. ಎಲೆಗೆ ಹಸಿರು ಮರ ಎಲ್ಲಿಂದ ತರ್ತೀರಿ ಅಂತ ಕೇಳಿದೆ. ‘ಎಲೆ ಹಸಿರೇ ಇರ್ಬೇಕು ಅಂತ ಎಲ್ಲಿದೆ? ಬೂದು ಮರದಲ್ಲಿ ಮಾಡ್ತೀನಿ, ನೋಡೋರ ಕಣ್ಣಿಗೆ ಹಸಿರೇ ಕಾಣತ್ತೆ.’

ಬಾಗಿಲು ಇನ್ನೂ ಬಂದಿಲ್ಲ. ನಾಲ್ಕು ತಿಂಗಳಾಯಿತು. ಮೊಗ್ಗಿನ ಬಾಗಿಲು ಮುಗಿದಿದೆ, ಅರಳಿದ್ದಕ್ಕೆ ಸರಿಯಾದ ಗುಲಾಬಿ ಬಣ್ಣದ ಚಕ್ಕೆ ಸಿಕ್ಕಿಲ್ಲವಂತೆ. ಅಲಮಾರಿ ಬಾಯಿ ತೆರೆದುಕೊಂಡೇ ಇದೆ, ಪುಸ್ತಕದ ಮೇಲೆ ಧೂಳು ಕೂರುತ್ತಿದೆ. ನಾವೂ ಕೇಳೋಕೆ ಹೋಗಿಲ್ಲ.

ಮೊನ್ನೆ ನವರಾತ್ರಿಗೆ ಎಂದಿನಂತೆ ಬೊಂಬೆ ಕೂರಿಸಿದೆವು. ಮೈಸೂರಿನವರಿಗೆ ಗೊತ್ತು, ಈ ಒಂಬತ್ತು ದಿನ ಮನೆಯ ಮರದ ಸಾಮಾನೆಲ್ಲ ರೂಪ ಬದಲಾಯಿಸುತ್ತೆ. ಪೆಟ್ಟಿಗೆ, ಮಣೆ, ಬೆಂಚು ಎಲ್ಲ ಒಂದರ ಮೇಲೊಂದು ಸೇರಿ ಮೆಟ್ಟಿಲಾಗುತ್ತವೆ, ಮೇಲೆ ಬಿಳಿ ಪಂಚೆ ಹಾಸಿದರೆ ಯಾವುದು ಯಾವುದು ಅಂತ ಗೊತ್ತಾಗಲ್ಲ. ಈ ಸಲ ಎಲ್ಲಕ್ಕಿಂತ ಮೇಲೆ ಟೀಪಾಯಿ, ಅದಕ್ಕೆ ಪಂಚೆ ಹಾಸಲಿಲ್ಲ, ಅದರ ಮೇಲೆ ನಮ್ಮಜ್ಜಿ ಕೊಟ್ಟ ಪಟ್ಟದ ಬೊಂಬೆಗಳು. ಆರತಿಗೆ ಬೀದಿಯವರನ್ನೆಲ್ಲ ಕರೆದಿದ್ದೆವು. ಚಾಚಾ ಮೊಮ್ಮಗಳನ್ನ ಕರೆದುಕೊಂಡು ಬಂದು ಬಾಗಿಲಲ್ಲೇ ನಿಂತರು. ಒಳಗೆ ಬನ್ನಿ ಅಂದ ಮೇಲೆ ಬಂದು, ಬೊಂಬೆ ಬಿಟ್ಟು ಟೀಪಾಯಿಯ ಹತ್ತಿರವೇ ಹೋಗಿ ಬಗ್ಗಿದರು. ಅವರೇ ಸರಿಪಡಿಸಿ ಮತ್ತೆ ಕೂರಿಸಿದ ಎಸಳನ್ನ ಹೆಬ್ಬೆರಳಲ್ಲಿ ಮುಟ್ಟಿ ನೋಡಿದರು. ಆಮೇಲೆ ಆನೆಯನ್ನ.

‘ಯಾರು ಮಾಡಿದ್ರೋ’ ಅಂದರು. ‘ಕಣ್ಣು ಮಾತ್ರ ಚೆನ್ನಾಗಿ ಕೂತಿದೆ.’

ಮೊಮ್ಮಗಳು ಚರಪು ಕೇಳುತ್ತಿದ್ದಳು. ಕಡಲೆ ಉಸಲಿ ಕೊಟ್ಟೆವು.